ಎಂ.ಎಸ್. ಇದ್ದವರೂ ವ್ಯಾಯಾಮ ಮಾಡಬೇಕು, ಮೈ ಬಿಸಿಯೇರದಂತೆ

ಮಾನ್ಯರೇ,

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.), ಅಂದರೆ ಮಿದುಳು-ಬೆನ್ನುಹುರಿಯ ನರಗಳ ಹೊದಿಕೆ ಸವೆಯುವ ರೋಗ ಇರುವವರಿಗೆ ‘ಸುಸ್ತು ಮಾಡ್ಕೋಬೇಡಿ, ಮಲಗಿ’ ಎಂದು ಹೇಳುವುದು ಇನ್ನೂ ನಿಂತಿಲ್ಲ. ಅಮೆರಿಕದ ಯೂಟಾದಲ್ಲಿ ಇಂಥವರಿಗೆ 15 ವಾರ ಏರೋಬಿಕ್ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನ 1996ರಷ್ಟು ಹಿಂದೆಯೇ ಪ್ರಕಟವಾಗಿದೆ. ಅವರ ದಮ್ಮು, ಕೈಕಾಲಿನ ಬಲ ಎರಡೂ ಹೆಚ್ಚಿದ್ದವು.

ಹೆದರಿಕೆಗೆ ಕಾರಣವೇನೋ ಉಂಟು. ಹತ್ತು ನಿಮಿಷ ಸೈಕಲ್ ತುಳಿದರೆ ಕೆಲವರಿಗೆ ಕಣ್ಣು ಮಂಜಾಗುತ್ತದೆ, ಕಾಲು ಭಾರವಾಗುತ್ತದೆ. ರೋಗ ಮರುಕಳಿಸಿತೆಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ ವ್ಯಾಯಾಮದಿಂದ ಹೀಗೆ ಕಣ್ಣು ಮಂಜಾಗುವುದನ್ನು 1890ರಲ್ಲೇ ಗುರುತಿಸಿದ್ದರು. ನರದ ಮಯಲಿನ್ ಹೊದಿಕೆ ಸವೆದ ಕಡೆ, ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಂದೇಶ ಸರಿಯಾಗಿ ಸಾಗುವುದಿಲ್ಲ. ಮೈ ತಣಿದರೆ ಸರಿಹೋಗುತ್ತದೆ. ನರಕ್ಕೆ ಹೊಸ ಹಾನಿಯೇನೂ ಆಗಿರುವುದಿಲ್ಲ. ತೊಂದರೆ 24 ಗಂಟೆ ದಾಟಿಯೂ ಉಳಿದರೆ ಮರುಕಳಿಕೆ ಇರಬಹುದು. ಆಗ ವ್ಯಾಯಾಮ ನಿಲ್ಲಿಸಿ ನರರೋಗ ತಜ್ಞರನ್ನು ಕಾಣಬೇಕು.

ಆದ್ದರಿಂದ ಮೊದಲು ಫ್ಯಾನ್ ಹಾಕಿ, ಕತ್ತಿಗೆ ಒದ್ದೆ ಬಟ್ಟೆ ಸುತ್ತಿ, ತಣ್ಣೀರು ಗುಟುಕರಿಸುತ್ತ ಶುರುಮಾಡಿ. ಬೆಳಿಗ್ಗೆ ಹೊತ್ತು ಒಳ್ಳೆಯದು. ಸೌಮ್ಯ ಅಥವಾ ಮಧ್ಯಮ ಮಟ್ಟದ ತೊಂದರೆ ಇರುವವರಿಗೆ ವಾರಕ್ಕೆ ಎರಡು ದಿನ 30 ನಿಮಿಷ ನಡಿಗೆ ಅಥವಾ ಸೈಕಲ್, ಎರಡು ದಿನ ಬಲದ ವ್ಯಾಯಾಮ ಸಾಕು. ಒಂದೇ ಉಸಿರಿಗೆ 30 ಆಗದಿದ್ದರೆ ಹತ್ತತ್ತು ನಿಮಿಷದ ಮೂರು ಕಂತು. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟು ವೇಗ. ನಾಡಿ ಎಣಿಸಿ ವೇಗ ನಿರ್ಧರಿಸಬೇಡಿ; ಹೃದಯ ನಿಯಂತ್ರಿಸುವ ನರಗಳಿಗೂ ಪೆಟ್ಟು ಬಿದ್ದಿದ್ದರೆ ನಾಡಿ ಏರಬೇಕಾದಷ್ಟು ಏರದಿರಬಹುದು.

ಬಲಕ್ಕೆ ಕುರ್ಚಿಯೊಂದಿದ್ದರೆ ಆಯಿತು. ಅದನ್ನು ಗೋಡೆಗೆ ಒತ್ತರಿಸಿ, ಪಾದಗಳನ್ನು ಮಂಡಿಗಿಂತ ತುಸು ಹಿಂದಿಟ್ಟು, ಮುಂದಕ್ಕೆ ಬಾಗಿ ಏಳಿ. ಕೂರುವಾಗ ಮೂರು ಎಣಿಸುತ್ತ ಇಳಿಯಿರಿ. ಹತ್ತು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಹತ್ತು. ದೊಪ್ಪನೆ ಕುಸಿದು ಕೂತರೆ ತೊಡೆ ಸೋತಿದೆ ಎಂದರ್ಥ, ಅವತ್ತಿಗೆ ಮುಗಿಯಿತು. ನಡೆಯುವಾಗ ಷೂ ತುದಿ ನೆಲಕ್ಕೆ ಉಜ್ಜುವ ಸದ್ದು ಕೇಳಿದರೂ ಅಷ್ಟೇ. ಪಾದ ಎತ್ತುವ ಸ್ನಾಯು ದಣಿದಿರುತ್ತದೆ, ಮುಂದಿನದು ಎಡವಿ ಬೀಳುವುದೇ. ಅಂಥವರು ಪಾದವನ್ನು ಪೆಡಲ್‌ಗೆ ಪಟ್ಟಿಯಿಂದ ಬಿಗಿದು, ನಿಂತಲ್ಲೇ ಇರುವ ಸೈಕಲ್ ತುಳಿಯಲಿ. ಮೀನಖಂಡ ಬಿಗಿಯುತ್ತಿದ್ದರೆ ನಿಧಾನವಾಗಿ ಎಳೆದು 30 ಸೆಕೆಂಡ್ ಹಿಡಿಯಿರಿ. ಜಗ್ಗಿ ಜಗ್ಗಿ ಎಳೆದರೆ ಇನ್ನಷ್ಟು ಬಿಗಿಯುತ್ತದೆ.

ಮೂತ್ರದ ಅವಸರಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರು ಬಹಳ. ನೀರು ಕಡಿಮೆಯಾದರೆ ಮೈಬಿಸಿ ಬೇಗ ಏರುತ್ತದೆ, ಮೂತ್ರದ ಸೋಂಕೂ ಸುಲಭ. ಸೋಂಕಿನ ಜ್ವರ ಬಂದರಂತೂ ಕಾಲೇ ಏಳುವುದಿಲ್ಲ. ಶೌಚಾಲಯಕ್ಕೆ ಹೋಗಿ ಬಂದು ಶುರುಮಾಡಿ, ನೀರಿನ ಬಾಟಲಿ ಪಕ್ಕದಲ್ಲೇ ಇರಲಿ.

– ಓರ್ವ ಫಿಸಿಯೋಥೆರಪಿಸ್ಟ್