‘ರಸ್ತೆಗೂ ಟ್ರ್ಯಾಕಿಗೂ ಒಂದೇ ಟೈರ್’ ವಿಭಾಗ ನಿಲ್ಲುತ್ತಿದೆ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಪಟ್ಟಿಯಲ್ಲಿ ‘ರಸ್ತೆ ಮತ್ತು ಟ್ರ್ಯಾಕ್’ (ರೇಸ್ ಟ್ರ್ಯಾಕ್) ಎಂಬ ವಿಭಾಗ ಇರುವುದಿಲ್ಲ. ಅದರಲ್ಲಿದ್ದ ಟೈರುಗಳು ಸಿಗುತ್ತವೆ, ಆದರೆ ಎರಡು ಪಾಲಾಗಿ. ಪಾಲು ಮಾಡುವುದು ಟೈರಿನ ಮೇಲೆ ಅಚ್ಚಾಗಿರುವ ಟ್ರೆಡ್‌ವೇರ್, ಅಂದರೆ ಸವೆತ ತಾಳುವ ಅಂಕಿಯನ್ನು ನೋಡಿ. ಟ್ರೆಡ್‌ವೇರ್ 300 ಮತ್ತು ಅದಕ್ಕೂ ಮೇಲಿನವು ರಸ್ತೆಯ ಸಾಲಿಗೆ, 200 ಮತ್ತು ಅದಕ್ಕೂ ಕೆಳಗಿನವು ಟ್ರ್ಯಾಕಿನ ಸಾಲಿಗೆ. ನಡುವೆ ಬೀಳುವ ಒಂದೆರಡನ್ನು ಟೈರ್ ನೋಡಿ ಹೇಳುತ್ತೇವೆ. ಟ್ರ್ಯಾಕ್ ಸಾಲಿನ ಟೈರನ್ನು ಇನ್ನು ಪ್ರತ್ಯೇಕ ರಿಮ್ ಸೆಟ್ಟಿಗೆ ಮಾತ್ರ ಹಾಕಿಕೊಡುತ್ತೇವೆ. ದಿನಾ ಓಡಾಡುವ ಕಾರಿಗೆ ಇರುವ ಒಂದೇ ಸೆಟ್ಟಾಗಿ ಹಾಕುವುದಿಲ್ಲ. ಪಂಕ್ಚರ್ ಹಾಕಿದ ಟೈರನ್ನು ಟ್ರ್ಯಾಕಿಗೆಂದು ಬ್ಯಾಲೆನ್ಸ್ ಮಾಡಿಕೊಡುವುದನ್ನೂ ನಿಲ್ಲಿಸುತ್ತಿದ್ದೇವೆ.

ಕಾರಣ ಬಿಸಿ. ರಸ್ತೆ ಟೈರು ಮನೆಯಿಂದ ಹೊರಟ ಮೊದಲ ತಿರುವಿನಲ್ಲೇ, ತಣ್ಣಗಿರುವಾಗಲೇ ಹಿಡಿತ ಕೊಡಬೇಕು. ಮಳೆ ನೀರನ್ನು ಆಚೆ ತಳ್ಳಲು ಅದಕ್ಕೆ ಸುಮಾರು 8 ಮಿ.ಮೀ. ಆಳದ ಗೀರು ಬೇಕು. ಟ್ರ್ಯಾಕಿನಲ್ಲಿ ಇದೇ ಆಳ ತೊಂದರೆ ಮಾಡುತ್ತದೆ: ಎತ್ತರದ ರಬ್ಬರ್ ಗಟ್ಟಿಗಳು ಪ್ರತಿ ತಿರುವಿನಲ್ಲೂ ಅತ್ತಿತ್ತ ತೊನೆದು ಒಳಗಿನಿಂದಲೇ ಕಾಯುತ್ತವೆ. ಕೆಲವು ಸುತ್ತು ಕಳೆದರೆ ಹಿಡಿತ ಸಡಿಲಿ, ಜಿಡ್ಡಿನ ಮೇಲೆ ಓಡಿಸಿದಂತೆ ಸ್ಟಿಯರಿಂಗ್‌ನಲ್ಲಿ ಅನಿಸುತ್ತದೆ. ಆಮೇಲೂ ತಳ್ಳಿದರೆ ಹೊರ ಅಂಚಿನ ಗಟ್ಟಿಗಳು ಚೂರುಚೂರಾಗಿ ಕಿತ್ತು ಬರುತ್ತವೆ. 200ರ ಟೈರಿನಲ್ಲಿ ಗೀರು ಕಡಿಮೆ ಆಳ, ಗಟ್ಟಿಗಳು ದೊಡ್ಡವು, ರಬ್ಬರ್ ಕಾದಷ್ಟೂ ಅಂಟುವ ಜಾತಿಯದು. ಹಾಗಾಗಿ ಅದು ಟ್ರ್ಯಾಕಿನಲ್ಲಿ ತಾಳುತ್ತದೆ. ಆದರೆ ಅರ್ಧ ಸವೆದ ಮೇಲೆ ನೀರು ನಿಂತ ಹೆದ್ದಾರಿಯಲ್ಲಿ ಅದೇ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸದ್ದು, ಸಿಡಿಯುವ ಕಲ್ಲು ಇವೆಲ್ಲ ಸಹಿಸಬಹುದಾದ ಮಾತು, ತೇಲುವುದು ಅಲ್ಲ.

ಟ್ರೆಡ್‌ವೇರ್ ಅಂಕಿಯನ್ನೇ ಪೂರ್ತಿ ನಂಬಬೇಡಿ. 100 ಎಂದಿಟ್ಟ ಒಂದು ಮಾದರಿ ಟೈರಿನ ಜೊತೆ ಹೋಲಿಸಿ ತಯಾರಕರು ತಾವೇ ಕೊಟ್ಟುಕೊಳ್ಳುವ ಅಂಕಿ ಅದು. ಯೊಕೊಹಾಮಾ ಅಡ್ವಾನ್ ಎ052, ಹ್ಯಾಂಕೂಕ್ ವೆಂಟಸ್ ಆರ್‌ಎಸ್4 ಎರಡಕ್ಕೂ 200 ಎಂದೇ ಇದೆ. ಮೊದಲನೆಯದು ಬೇಗ ಕಾದು ಎರಡನೇ ಸುತ್ತಿಗೇ ಪೂರ್ತಿ ಹಿಡಿತ ಕೊಡುತ್ತದೆ, ಉದ್ದದ ಸರದಿಯಲ್ಲಿ (ಒಂದೇ ಸಲಕ್ಕೆ ನಿಲ್ಲದೆ ಹಾಕುವ ಸುತ್ತುಗಳಲ್ಲಿ) ಬೇಗ ಸೋಲುತ್ತದೆ, ಬೇಗ ಸವೆಯುತ್ತದೆ. ಎರಡನೆಯದಕ್ಕೆ ಕಾಯಲು ಹೊತ್ತು ಬೇಕು, ಗರಿಷ್ಠ ಹಿಡಿತವೂ ಸ್ವಲ್ಪ ಕಡಿಮೆ, ಆದರೆ ದಿನವಿಡೀ ಒಂದೇ ಸಮ ನಡೆಯುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ‘ಎಎ’ ಎಂಬ ಟ್ರ್ಯಾಕ್ಷನ್ ದರ್ಜೆಯಂತೂ ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಅಳತೆ. ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ವರ್ಷಕ್ಕೆ ಒಂದೆರಡು ಸಲ ಮಾತ್ರ ಟ್ರ್ಯಾಕಿಗೆ ಇಳಿಯುವವರು ಎರಡನೇ ಸೆಟ್ಟಿಗೆ ದುಡ್ಡು ಹಾಕಬೇಡಿ ಎಂದೇ ನಮ್ಮ ಸಲಹೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ತರಹದ 300ರ ಟೈರು ಸಾಕು. ಅದು ಜಾರುವ ಮೊದಲು ಕಿರುಚಿ ಹೇಳುತ್ತದೆ, ಜಾರುವಾಗಲೂ ನಿಧಾನವಾಗಿ ಜಾರುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ. ಒಂದು ಸರದಿಯನ್ನು 15 ನಿಮಿಷಕ್ಕೆ ಮುಗಿಸಿ, ಕೊನೆಯ ಸುತ್ತನ್ನು ನಿಧಾನವಾಗಿ ಹಾಕಿ.

ಇನ್ನು ಗಾಳಿ. ಟೈರ್ ಕೆಟ್ಟಿತು ಎಂದು ವಾಪಸು ತರುವ ಬಹುಪಾಲು ಪ್ರಕರಣಗಳ ಬೇರು ಇಲ್ಲೇ ಇರುತ್ತದೆ. ಟೈರಿನೊಳಗಿನ ಬಿಸಿ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಬಾಗಿಲ ಬದಿಯ ಚೀಟಿಯಲ್ಲಿ 33 ಎಂದಿದೆ ಎಂದುಕೊಳ್ಳಿ. ಅಷ್ಟನ್ನೇ ತುಂಬಿ ಟ್ರ್ಯಾಕಿಗೆ ಇಳಿದರೆ ಹೊರಬರುವ ಹೊತ್ತಿಗೆ 41 ಆಗಿರುವುದು ಸಾಮಾನ್ಯ. ಆಗ ಟೈರಿನ ನಡುಭಾಗ ಉಬ್ಬಿ, ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ಆದ್ದರಿಂದ ಟ್ರ್ಯಾಕಿನಲ್ಲಿ ಲೆಕ್ಕಕ್ಕೆ ಬರುವುದು ಬಿಸಿ ಒತ್ತಡ, ಅಂದರೆ ಟೈರು ಕಾದಿರುವಾಗಿನ ಒತ್ತಡ. ನಮ್ಮ ಗಾಳಿ ಚೀಟಿಯಲ್ಲೂ ಇನ್ನು ಅದನ್ನೇ ಬರೆಯುತ್ತೇವೆ. ಹೆಚ್ಚಿನ ಕಾರುಗಳಿಗೆ 32ರಿಂದ 36ರೊಳಗೆ ಎಲ್ಲೋ ಒಂದು ಕಡೆ ಸರಿಹೋಗುತ್ತದೆ.

ತಣ್ಣಗಿರುವಾಗ 28ರಿಂದ ಶುರು ಮಾಡಿ. ಮೊದಲ ಎರಡು ಸುತ್ತು ಮೆತ್ತಗೆ ಓಡಿಸಿ. ಒತ್ತಡ ಏರುವ ಮೊದಲೇ ತಿರುವಿಗೆ ಎಸೆದರೆ ಪಕ್ಕದ ಗೋಡೆ ಮಡಚಿಕೊಳ್ಳುತ್ತದೆ. ಪಿಟ್‌ಗೆ ಬಂದ ಒಂದೆರಡು ನಿಮಿಷದಲ್ಲೇ ನಾಲ್ಕನ್ನೂ ಅಳೆದು, ಹೆಚ್ಚಿದ್ದ ಗಾಳಿಯನ್ನು ಹೊರಬಿಟ್ಟು ಸಮ ಮಾಡಿ. ಪ್ರದಕ್ಷಿಣೆಯಾಗಿ ಸುತ್ತುವ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚು, ಭಾರ ಎಡ ಟೈರುಗಳ ಮೇಲೆ. ಅವು ಹೆಚ್ಚು ಕಾಯುವುದರಿಂದ ಮುಂದಿನ ಸಲ ತಣ್ಣಗಿರುವಾಗ ಎಡಕ್ಕೆ ಒಂದೆರಡು ಪಿಎಸ್‌ಐ ಕಡಿಮೆ ಇಡಬೇಕಾಗುತ್ತದೆ. ಸಂಜೆ ಮರೆಯಬಾರದ ಕೆಲಸ: ಬಿಸಿಯಲ್ಲಿ 34ಕ್ಕೆ ಇಳಿಸಿದ ಟೈರು ತಣಿದ ಮೇಲೆ 26ಕ್ಕೆ ಬಂದಿರುತ್ತದೆ. ಹಾಗೇ ಹೆದ್ದಾರಿ ಹತ್ತಿದರೆ ಒಳಗಿನ ಪದರ ಹಾಳಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪಂಪ್ ಜೊತೆಯಲ್ಲಿರಲಿ, ಚೀಟಿಯ ಅಂಕಿಗೆ ತುಂಬಿಸಿಯೇ ಹೊರಡಿ.

ಒತ್ತಡ ಸರಿಯೇ ಎಂದು ಟೈರೇ ತೋರಿಸುತ್ತದೆ. ಅನೇಕ ಟೈರುಗಳ ಭುಜದ ಬಳಿ ಪುಟ್ಟ ತ್ರಿಕೋನ ಗುರುತು ಇರುತ್ತದೆ. ಅದರ ಆಚೀಚೆ ಸೀಮೆಸುಣ್ಣ ಗೀಚಿ ಓಡಿಸಿ. ಸುಣ್ಣ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಗೋಡೆಯವರೆಗೆ ಅಳಿಸಿದ್ದರೆ ಗಾಳಿ ಕಡಿಮೆ, ಇಲ್ಲವೇ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವ ಕೋನ) ಸಾಲದು. ಎರಡನೆಯದೇ ಹೆಚ್ಚು. ಕಾರ್ಖಾನೆಯಿಂದ ಬಂದಂತೆ ಮೈನಸ್ 1 ಡಿಗ್ರಿಯ ಆಸುಪಾಸಿನಲ್ಲಿರುವ ಮುಂದಿನ ಚಕ್ರ ಯಾವ ಟೈರ್ ಹಾಕಿದರೂ ಹೊರ ಭುಜವನ್ನು ತಿಂದುಹಾಕುತ್ತದೆ. ಮೈನಸ್ 2ರಿಂದ 3 ಡಿಗ್ರಿಗೆ ತಂದರೆ ಟೈರಿನ ಆಯುಸ್ಸು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಇಷ್ಟು ಕ್ಯಾಂಬರ್ ಇಟ್ಟರೆ ರಸ್ತೆಯಲ್ಲಿ ಒಳ ಅಂಚು ಸವೆಯುತ್ತದಲ್ಲ ಎಂದು ಕೇಳುತ್ತೀರಿ. ಒಳ ಅಂಚನ್ನು ಹೆಚ್ಚಾಗಿ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಅದನ್ನು ಸೊನ್ನೆಯ ಹತ್ತಿರ ಇಡಿ.

ಎರಡನೇ ಸೆಟ್ ಮಾಡಿಸುವವರಿಗೆ ಕೆಲವು ಮಾತು. ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರದ ಅಂಕಿ) ಕಾರಿನ ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಆಗಬಾರದು. ಅಂಟಿಸುವ ಬ್ಯಾಲೆನ್ಸ್ ತೂಕಗಳು ಬ್ರೇಕಿನ ಬಿಸಿಗೆ ಕಳಚಿ ಬೀಳುತ್ತವೆ, ಅವುಗಳ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ ಕೊಡುತ್ತೇವೆ. ಚಕ್ರದ ನಟ್ಟುಗಳನ್ನು ಪ್ರತಿ ಸರದಿಗೂ ಮೊದಲು, ತಣಿದಿರುವಾಗ, ಟಾರ್ಕ್ ರೆಂಚಿನಲ್ಲಿ ನೋಡಿ. ಹೊಸ ಸೆಟ್ಟನ್ನು ಮೊದಲ ಸಲ ಮೆತ್ತಗೆ ಓಡಿಸಿ ಹದವಾಗಿ ಕಾಯಿಸಿ, ಒಂದು ದಿನ ಮುಟ್ಟದೆ ಬಿಡಿ. ಚಳಿ ಶೂನ್ಯ ಡಿಗ್ರಿಗಿಂತ ಕೆಳಗಿಳಿಯುವ ಕಡೆ ಟ್ರ್ಯಾಕ್ ಟೈರುಗಳನ್ನು ಹೊರಗೆ ಇಡಬೇಡಿ. ರಬ್ಬರ್ ಬಿರುಕು ಬಿಡುತ್ತದೆ.

ಈಗಾಗಲೇ ಒಂದೇ ಸೆಟ್ಟಾಗಿ 200ರ ಟೈರ್ ಓಡಿಸುತ್ತಿರುವವರಿಗೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಂದಿನಂತೆ ನಡೆಯುತ್ತದೆ. ಗೀರು 3 ಮಿ.ಮೀ.ಗೆ ಬಂದಾಗ ತಿಳಿಸುತ್ತೇವೆ, ಅಲ್ಲಿಂದ ಮುಂದೆ ಮಳೆಯಲ್ಲಿ ಕಾರನ್ನು ಹೊರಗೆ ತೆಗೆಯಬೇಡಿ. ಹಳೆಯ ಪಟ್ಟಿಯಿಂದ ಆರ್ಡರ್ ಕೊಟ್ಟು ಕಾಯುತ್ತಿರುವವರು ಈ ತಿಂಗಳ 25ರೊಳಗೆ ರಿಮ್ಮಿನ ಅಗಲ, ಆಫ್‌ಸೆಟ್ (ಕಾರಿಗೆ ಕೂರುವ ಮುಖ ರಿಮ್ಮಿನ ನಡುವಿನಿಂದ ಎಷ್ಟು ದೂರ) ಮತ್ತು ವರ್ಷಕ್ಕೆ ಎಷ್ಟು ದಿನ ಟ್ರ್ಯಾಕಿಗೆ ಇಳಿಯುತ್ತೀರಿ ಎಂಬುದನ್ನು ತಿಳಿಸಿ. ರಸ್ತೆ ಸಾಲಿಗೆ ಬದಲಿಸಿಕೊಳ್ಳಬಹುದು, ಇಲ್ಲವೇ ಮುಂಗಡವನ್ನು ಪೂರ್ತಿ ವಾಪಸು ಪಡೆಯಬಹುದು.

ಇಂತಿ,
ಟೈರ್ ವಿಭಾಗದವರು