ನೀರಿನ ದರಕ್ಕೆ ತಕರಾರು ಸಲ್ಲಿಸಲು ಪೌರತ್ವ ಬೇಕಿಲ್ಲ

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರ ನಡುವೆ ನೀರಿನ ಬಿಲ್ಲಿನ ಪ್ರಸ್ತಾಪ ಬಂದಾಗಲೆಲ್ಲ ‘ಕೌಂಟಿಯವರು ದರ ಏರಿಸಿದರು, ನಮಗೆ ವೋಟಿಲ್ಲ, ಏನು ಮಾಡೋದು’ ಎಂಬ ಮಾತು ಕೇಳಿಬರುತ್ತದೆ. ಸ್ಥಳೀಯವಾಗಿ ನೀರು ಪೂರೈಸುವ ಸಂಸ್ಥೆಗಳಾದ ಕೌಂಟಿ ವಾಟರ್ ಡಿಸ್ಟ್ರಿಕ್ಟ್‌ಗಳಿಂದ ನೀರು ಪಡೆಯುವ ಊರುಗಳ ಮಟ್ಟಿಗೆ ಈ ಮಾತಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದಾಗಿ, ಹೆಸರಿನಲ್ಲಿ ‘ಕೌಂಟಿ’ ಇದ್ದರೂ ಇಂಥ ಡಿಸ್ಟ್ರಿಕ್ಟ್ ಕೌಂಟಿ (ಅಂದರೆ ಜಿಲ್ಲೆ) ಸರ್ಕಾರದ ಇಲಾಖೆಯಲ್ಲ. ರಾಜ್ಯದ ಜಲ ಸಂಹಿತೆಯ 12ನೇ ವಿಭಾಗ, ಅಂದರೆ 30000ನೇ ಸೆಕ್ಷನ್‌ನಿಂದ ಮುಂದಿನ ಭಾಗ, ಇದನ್ನು ಸ್ವತಂತ್ರ ಸ್ಥಳೀಯ ಸಂಸ್ಥೆಯಾಗಿ ಕಾಣುತ್ತದೆ. ಮೂಲ ಕಾನೂನು 1913ರಷ್ಟು ಹಳೆಯದು. ಇದರ ಐವರು ನಿರ್ದೇಶಕರನ್ನು ಆರಿಸುವವರು ಅಲ್ಲಿನ ನಿವಾಸಿಗಳಾದ ನೋಂದಾಯಿತ ಮತದಾರರು. (‘ಕ್ಯಾಲಿಫೋರ್ನಿಯಾ ವಾಟರ್ ಡಿಸ್ಟ್ರಿಕ್ಟ್’ ಎಂಬುದು 13ನೇ ವಿಭಾಗದ ಬೇರೆಯೇ ಬಗೆ, ಅಲ್ಲಿ ಸಾಮಾನ್ಯವಾಗಿ ಭೂಮಾಲೀಕರಿಗೆ ಜಮೀನಿನ ಮೌಲ್ಯಕ್ಕೆ ತಕ್ಕಂತೆ ಮತ.) ನಿರ್ವಹಣೆ, ದುರಸ್ತಿ, ಸಾಲದ ಬಡ್ಡಿ ಇವೆಲ್ಲಕ್ಕೂ ಸಾಲುವಷ್ಟು ದರವಿಡಬೇಕೆಂದು 31007ನೇ ಸೆಕ್ಷನ್ ಹೇಳುವುದರಿಂದ ಪ್ರತಿ ಏರಿಕೆಯನ್ನೂ ದುರಾಸೆ ಎನ್ನುವಂತಿಲ್ಲ.

ಎರಡನೆಯ ತಪ್ಪೇ ದೊಡ್ಡದು. 1996ರಲ್ಲಿ ಮತದಾರರು ಅಂಗೀಕರಿಸಿದ 218ನೇ ಪ್ರಸ್ತಾವವು ರಾಜ್ಯ ಸಂವಿಧಾನಕ್ಕೆ ತಂದ ತಿದ್ದುಪಡಿಯ ಪ್ರಕಾರ, ದರ ಏರಿಸುವ ಮುನ್ನ ಈ ನಿರ್ದೇಶಕರ ಮಂಡಳಿಯು ಸಾರ್ವಜನಿಕ ವಿಚಾರಣೆಗೆ ಕನಿಷ್ಠ 45 ದಿನ ಮೊದಲು ಅಂಚೆಯಲ್ಲಿ ನೋಟಿಸು ಕಳಿಸಬೇಕು. ಅರ್ಧಕ್ಕಿಂತ ಹೆಚ್ಚು ಆಸ್ತಿಗಳಿಂದ ಲಿಖಿತ ತಕರಾರು ಬಂದರೆ ಆ ಏರಿಕೆಯನ್ನು ಹೇರುವಂತಿಲ್ಲ. ಒಂದು ಆಸ್ತಿಗೆ ಒಂದೇ ತಕರಾರು. ಅದನ್ನು ಸಲ್ಲಿಸುವವರು ಮಾಲೀಕರಾಗಿರಬಹುದು, ಬಿಲ್ಲಿಗೆ ನೇರ ಹೊಣೆಯಾದ ಬಾಡಿಗೆದಾರರೂ ಆಗಿರಬಹುದು. ಎಚ್-1ಬಿ ವೀಸಾವೋ ಗ್ರೀನ್ ಕಾರ್ಡೋ ಪೌರತ್ವವೋ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ನಿರ್ದೇಶಕರನ್ನು ಆರಿಸಲಾಗದವರಿಗೂ ದರಕ್ಕೆ ಅಡ್ಡ ನಿಲ್ಲುವ ಹಕ್ಕಿದೆ.

ಆದರೆ ಸುಮ್ಮನಿದ್ದವರ ಲೆಕ್ಕ ಏರಿಕೆಯ ಪರವಾಗಿಯೇ ಹೋಗುತ್ತದೆ. ಎಂಟು ಸಾವಿರ ಆಸ್ತಿಗಳಿರುವ ಕಡೆ 4,001 ಪತ್ರಗಳು ಬೇಕು, ಇದು ಸುಲಭವಲ್ಲ. ನಮ್ಮ ಮನೆಗೆ ಬಂದ ಹಿಂದಿನ ನೋಟಿಸನ್ನು ಪಿಜ್ಜಾ ಕೂಪನ್ನುಗಳ ಜೊತೆ ರದ್ದಿಗೆ ಎಸೆದವನು ನಾನೇ. ಮಗಳು ಅದರ ಖಾಲಿ ಬೆನ್ನಿನ ಮೇಲೆ ಲೆಕ್ಕ ಬಿಡಿಸಲು ಎತ್ತಿಕೊಂಡಿದ್ದರಿಂದ ಅದು ಉಳಿಯಿತು. ತಿರುಗಿಸಿ ನೋಡಿದರೆ, 748 ಗ್ಯಾಲನ್ನಿನ ಒಂದು ಯೂನಿಟ್ಟಿನ ದರ ಅಷ್ಟೇನೂ ಏರಿರಲಿಲ್ಲ. ನಲ್ಲಿ ತಿರುಗಿಸದಿದ್ದರೂ ಕಟ್ಟಲೇಬೇಕಾದ ಮೀಟರಿನ ನಿಗದಿತ ಶುಲ್ಕ ಮಾತ್ರ ಬಹಳ ಏರಿತ್ತು. ಮಿತವಾಗಿ ನೀರು ಬಳಸುವವರಿಗೇ ಹೆಚ್ಚು ಹೊರೆಯಾಗುವ ಏರಿಕೆ ಅದು.

ಆದ್ದರಿಂದ ನೋಟಿಸು ಬಂದ ಕೂಡಲೇ ನಿಗದಿತ ಶುಲ್ಕದ ಸಾಲನ್ನು ಮೊದಲು ನೋಡಬೇಕೆಂದು ಓದುಗರಲ್ಲಿ ನನ್ನ ವಿನಂತಿ. ಒಪ್ಪಿಗೆಯಾಗದಿದ್ದರೆ ಆಸ್ತಿಯ ವಿಳಾಸ, ವಿರೋಧದ ಒಂದು ವಾಕ್ಯ ಮತ್ತು ಸಹಿಯುಳ್ಳ ಪತ್ರ ವಿಚಾರಣೆ ಮುಗಿಯುವ ಮುನ್ನ ಮಂಡಳಿಯ ಕಾರ್ಯದರ್ಶಿಗೆ ತಲುಪಬೇಕು; ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಎಣಿಕೆಗೆ ಸೇರುವುದಿಲ್ಲ. ನೋಟಿಸನ್ನು ಕಡೆಗಣಿಸಬಾರದು, ಏಕೆಂದರೆ ಒಂದೇ ನೋಟಿಸಿನ ಮೇಲೆ ಗರಿಷ್ಠ 5 ವರ್ಷಗಳ ಏರಿಕೆಯ ಪಟ್ಟಿಗೆ ಒಪ್ಪಿಗೆ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಕ್ಯಾಲಿಫೋರ್ನಿಯಾ