ಯಾರ ಸಲಹೆ ಎಂಬುದೇ ಮುಖ್ಯವಾದಾಗ

ಮಾನ್ಯ ಸಂಪಾದಕರೇ,

ದೊಡ್ಡ ಕಂಪನಿಗಳಲ್ಲಿ ಸಲಹೆಯ ಗುಣದೋಷಕ್ಕಿಂತ ಅದು ಯಾರ ಕಡೆಯಿಂದ ಬಂತು ಎಂಬುದೇ ಮುಖ್ಯವಾಗುವುದನ್ನು, ಕಾಫಿ ತೋಟಗಳ ಕಂಪನಿಯೊಂದರಲ್ಲಿ ದುಡಿದು ನಿವೃತ್ತನಾದ ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಕಣದಲ್ಲಿದ್ದ, ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗದೆ ಟಾರ್ಪಾಲಿನಡಿ ಬೆವೆತು ವಾಸನೆ ಹಿಡಿಯತೊಡಗಿದಾಗ, ಡ್ರೈಯರ್ ಯಂತ್ರ ಬೇಕೆಂದು ತೋಟದ ಮ್ಯಾನೇಜರು ಮುಖ್ಯ ಕಚೇರಿಗೆ ಬರೆದರು. ಅವರು ಹಿಂದಿನ ಜನರಲ್ ಮ್ಯಾನೇಜರರ ಕಡೆಯವರೆಂಬ ಮಾತಿತ್ತು. ಕಡತ 'ಪರಿಶೀಲನೆಯಲ್ಲಿದೆ' ಎಂಬ ಷರಾ ಹೊತ್ತು ಮೂಲೆ ಸೇರಿತು. ಮರುವರ್ಷ ಅದೇ ಪ್ರಸ್ತಾವವನ್ನು, ಅಂಕಿಗಳನ್ನೂ ಬದಲಿಸದೆ, ಹೊಸ ಸಾಹೇಬರಿಗೆ ಬೇಕಾದವರೊಬ್ಬರು ಮುಂದಿಟ್ಟಾಗ ತಕ್ಷಣ ಮಂಜೂರಾಯಿತು. ನಡುವೆ ಬೆಲೆ ಕಳೆದುಕೊಂಡ ಕಾಫಿಯ ನಷ್ಟಕ್ಕೆ ವರದಿಯಲ್ಲಿ 'ಹವಾಮಾನ ವೈಪರೀತ್ಯ' ಎಂಬ ಕಾರಣ ದಾಖಲಾಯಿತು. ಮಳೆರಾಯ ಸಮಜಾಯಿಷಿ ಕೊಡಲು ಬರುವುದಿಲ್ಲವಲ್ಲ!

ಇಲ್ಲಿ ಹೋದದ್ದು ಹಣ ಮಾತ್ರ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಸಿಡಿದು ಏಳು ಮಂದಿ ಸತ್ತರು. ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರಗಳನ್ನು ನಂಬುವಂತಿಲ್ಲವೆಂದು ತಯಾರಕ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಆಕ್ಷೇಪಿಸಿದ್ದರೂ, ನಾಸಾ ಅಧಿಕಾರಿಗಳ ಅಸಮಾಧಾನ ಕಂಡ ಕಂಪನಿಯ ಮೇಲಿನವರು ಉಡಾವಣೆಗೆ ಒಪ್ಪಿಗೆ ಕೊಟ್ಟಿದ್ದರು.

ರಾಜಕೀಯವಿಲ್ಲದ ಕಚೇರಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಇಲ್ಲ, ನಿಜ, ಎರಡು ವಿಭಾಗಗಳ ಪೈಪೋಟಿಯಿಂದ ತಪ್ಪುಗಳು ಬಯಲಿಗೆ ಬರುವುದೂ ಉಂಟು. ನನ್ನ ತಕರಾರು ಇರುವುದು, ಸಾಹೇಬರ ಕೊಠಡಿಯಲ್ಲಿ ಮೊದಲೇ ಎಲ್ಲ ತೀರ್ಮಾನವಾಗಿ, ಸಭೆಯಲ್ಲಿ ತಲೆಯಾಡಿಸುವುದಷ್ಟೇ ಉಳಿಯುವ, ಒಪ್ಪದವನ ಮಾತು ಎಲ್ಲಿಯೂ ದಾಖಲಾಗದ ಪದ್ಧತಿಯ ಬಗ್ಗೆ.

2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ನಿರ್ದೇಶಕ ಮಂಡಳಿಯ ನಿರ್ಣಯವನ್ನು ಒಪ್ಪದ ನಿರ್ದೇಶಕರ ಹೆಸರು ಸಭೆಯ ನಡಾವಳಿಯಲ್ಲಿ ಇರಲೇಬೇಕು. ಆದರೆ ಯಂತ್ರ ಖರೀದಿ, ವರ್ಗಾವಣೆಯಂಥ ನಿತ್ಯದ ವಿಷಯಗಳು ಮಂಡಳಿಯವರೆಗೆ ಹೋಗುವುದೇ ಅಪರೂಪ. ಅವು ಇತ್ಯರ್ಥವಾಗುವ ಕೆಳಹಂತದ ಸಭೆಗಳಿಗೆ ಈ ನಿಯಮವಿಲ್ಲ. ಅದೇ ಕಾಯ್ದೆಯ 177ನೇ ಸೆಕ್ಷನ್ನಿನಂತೆ ಷೇರುಪೇಟೆಯಲ್ಲಿ ಪಟ್ಟಿಯಾದ (ಲಿಸ್ಟೆಡ್) ಕಂಪನಿಗಳಲ್ಲಿ ನೌಕರರು ದೂರು ಕೊಡಲು ವ್ಯವಸ್ಥೆ ಇರಬೇಕಾದರೂ, ಒಳ್ಳೆಯ ಸಲಹೆಯೊಂದು ಗುಂಪುಗಾರಿಕೆಯಿಂದ ಮೂಲೆಗೆ ಬಿತ್ತೆಂದು ಅಲ್ಲಿಗೆ ಹೋಗುವವರು ಯಾರು?

ಆದ್ದರಿಂದ ಭಿನ್ನಾಭಿಪ್ರಾಯವನ್ನು ಹೆಸರು ಮತ್ತು ಕಾರಣಗಳೊಡನೆ ಬರೆದಿಡುವ ಕ್ರಮವನ್ನು ಕಂಪನಿಗಳು ವಿಭಾಗ ಮಟ್ಟದ ಸಭೆಗಳಿಗೂ ತಾವಾಗಿಯೇ ವಿಸ್ತರಿಸಬೇಕು. ಷೇರು ಹೊಂದಿರುವ ನಮ್ಮ ಜಿಲ್ಲೆಯ ಓದುಗರು ಈ ಬಾರಿಯ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಲಾಭಾಂಶದ ಜೊತೆಗೆ ಇದನ್ನೂ ಕೇಳಲಿ ಎಂದು ವಿನಂತಿಸುತ್ತೇನೆ.

– ನಿವೃತ್ತ ನೌಕರ, ಚಿಕ್ಕಮಗಳೂರು